‘ನಮಗೆ ಗೊತ್ತಿರಲಿಲ್ಲ’ ಅಂದರೆ ಸಾಕಾ? ಪರಿಸರ ನೀತಿ ಮತ್ತು ತಿಳಿಯುವ ಹೊಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತತ್ವಶಾಸ್ತ್ರ ಪಾಠ ಮಾಡುವವನು, ಹುಟ್ಟಿ ಬೆಳೆದದ್ದು ಪುತ್ತೂರಿನ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಪರಿಸರದ ವಿಷಯ ಬಂದಾಗಲೆಲ್ಲ ವಿದ್ಯಾರ್ಥಿಗಳು, ನೆಂಟರು, ತೋಟದ ಕೆಲಸಕ್ಕೆ ಬರುವವರು ಕೇಳುವ ಪ್ರಶ್ನೆಗಳು ಸುಮಾರು ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಪರಿಸರ ನೀತಿಶಾಸ್ತ್ರ ಅಂದರೆ ಏನು? ಗಿಡ ನೆಡಿ, ಪ್ಲಾಸ್ಟಿಕ್ ಬಿಸಾಡಬೇಡಿ ಅನ್ನೋದಾ?

ಅಷ್ಟೇ ಆಗಿದ್ದರೆ ಅದಕ್ಕೆ ತತ್ವಶಾಸ್ತ್ರ ಬೇಕಿರಲಿಲ್ಲ. ಮನುಷ್ಯ ಮನುಷ್ಯನ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಹಳೆಯ ಪ್ರಶ್ನೆ. ಮಣ್ಣು, ನೀರು, ಕಾಡು, ಪ್ರಾಣಿ, ಇನ್ನೂ ಹುಟ್ಟದ ಮಕ್ಕಳು, ಇವರ ಬಗ್ಗೆಯೂ ನಮಗೆ ಕರ್ತವ್ಯ ಇದೆಯಾ ಅನ್ನುವುದು ಪರಿಸರ ನೀತಿಶಾಸ್ತ್ರದ ಪ್ರಶ್ನೆ.

ರಿಚರ್ಡ್ ರೌಟ್ಲಿ ಎಂಬ ತತ್ವಜ್ಞಾನಿ 1973ರಲ್ಲಿ ಒಂದು ಕಲ್ಪನೆ ಮುಂದಿಟ್ಟರು. ಭೂಮಿಯಲ್ಲಿ ಒಬ್ಬನೇ ಒಬ್ಬ ಮನುಷ್ಯ ಉಳಿದಿದ್ದಾನೆ. ಸಾಯುವ ಮುಂಚೆ ಅವನು ಕೈಗೆ ಸಿಕ್ಕಿದ ಮರ, ಪ್ರಾಣಿಗಳನ್ನೆಲ್ಲ ನಾಶ ಮಾಡುತ್ತಾ ಹೋಗುತ್ತಾನೆ. ಇದರಿಂದ ಯಾವ ಮನುಷ್ಯನಿಗೂ ನಷ್ಟವಿಲ್ಲ. ಹಾಗಿದ್ದರೂ ಅದು ತಪ್ಪು ಅಂತ ಅನ್ನಿಸುತ್ತದಲ್ವಾ? ಯಾಕೆ ಅನ್ನಿಸುತ್ತದೆ ಅಂತ ಹುಡುಕಲು ಹೊರಟರೆ ನೀವು ಈ ಶಾಸ್ತ್ರದ ಒಳಗೆ ಕಾಲಿಟ್ಟ ಹಾಗೆ.

ಅದಕ್ಕೂ ‘ತಿಳಿಯುವ ಹೊಣೆ’ಗೂ ಏನು ಸಂಬಂಧ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಬಂಧ ಇದೇ. ಹೊಳೆಗೆ ವಿಷ ಸೇರಿದಾಗ, ಗುಡ್ಡ ಕುಸಿದಾಗ, ಕಾಯಿಲೆ ಹರಡಿದಾಗ ಮೊದಲು ಕೇಳುವ ಮಾತು ‘ಹೀಗಾಗುತ್ತೆ ಅಂತ ನಮಗೆ ಗೊತ್ತಿರಲಿಲ್ಲ’. ಹಲವು ಸಲ ಆ ಮಾತು ನಿಜವೂ ಹೌದು. ಆದರೆ ಗೊತ್ತು ಮಾಡಿಕೊಳ್ಳುವುದು ಯಾರ ಕೆಲಸವಾಗಿತ್ತು? ಮಾಡಿಕೊಳ್ಳಲು ದಾರಿ ಇತ್ತಾ? ಇದ್ದೂ ಯಾಕೆ ಮಾಡಲಿಲ್ಲ?

ಇಂಗ್ಲೆಂಡಿನ ಗಣಿತಜ್ಞ ಮತ್ತು ತತ್ವಜ್ಞಾನಿ ವಿಲಿಯಂ ಕ್ಲಿಫರ್ಡ್ 1877ರಲ್ಲಿ ಹೇಳಿದ ಹಡಗಿನ ಕಥೆ ಇಲ್ಲಿ ಚೆನ್ನಾಗಿ ಕೂರುತ್ತದೆ. ಒಬ್ಬ ಮಾಲೀಕನ ಹಡಗು ಹಳತಾಗಿದೆ. ರಿಪೇರಿ ಬೇಕೇನೋ ಅಂತ ಅವನಿಗೂ ಅನುಮಾನ. ಆದರೆ ಖರ್ಚು ಜಾಸ್ತಿ. ಎಷ್ಟೋ ಬಿರುಗಾಳಿ ದಾಟಿ ಬಂದ ಹಡಗು, ಈ ಸಲವೂ ಬರುತ್ತದೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆಯ ಹಣ ತೆಗೆದುಕೊಳ್ಳುತ್ತಾನೆ. ಅವನು ಸುಳ್ಳು ಹೇಳಲಿಲ್ಲ, ಹಡಗು ಗಟ್ಟಿ ಇದೆ ಅಂತ ನಿಜವಾಗಿಯೂ ನಂಬಿದ್ದ. ಆದರೆ ಹಾಗೆ ನಂಬುವ ಹಕ್ಕು ಅವನಿಗೆ ಇರಲಿಲ್ಲ ಅನ್ನುತ್ತಾರೆ ಕ್ಲಿಫರ್ಡ್. ಆ ನಂಬಿಕೆಯನ್ನು ಅವನು ಪರೀಕ್ಷೆ ಮಾಡಿ ಗಳಿಸಿರಲಿಲ್ಲ. ಅನುಮಾನದ ಬಾಯಿ ಮುಚ್ಚಿಸಿ ಪಡೆದುಕೊಂಡಿದ್ದ. ಹಡಗು ಮುಳುಗದೆ ದಡ ಸೇರಿದ್ದರೂ ಅವನದು ಅಷ್ಟೇ ತಪ್ಪು ಅಂತಲೂ ಕ್ಲಿಫರ್ಡ್ ಹೇಳುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮ್ಮಲ್ಲಿ ಇದೆಯಲ್ಲ, ಇದು ಅದೇ.

ಮುಂದೆ ಕೆನಡಾದ ಲೊರೇನ್ ಕೋಡ್ 1980ರ ದಶಕದಿಂದ ಈ ‘ತಿಳಿಯುವ ಹೊಣೆ’ಯ ಬಗ್ಗೆಯೇ ಬರೆದರು. ಆಮೇಲೆ ಅದನ್ನು ಪರಿಸರದ ವಿಚಾರಕ್ಕೂ ಜೋಡಿಸಿದರು. ಯಾವುದು ನಿಜ ಅಂತ ಕೇಳಿದರೆ ಸಾಲದು, ತಿಳಿದುಕೊಳ್ಳುವಾಗ ನಾವು ಎಷ್ಟು ಪ್ರಾಮಾಣಿಕವಾಗಿದ್ದೆವು, ಯಾರ ಮಾತು ಕೇಳಿದೆವು, ಯಾರದು ಬಿಟ್ಟೆವು ಅಂತಲೂ ಕೇಳಬೇಕು ಅನ್ನುವುದು ಅವರ ವಾದದ ತಿರುಳು.

ಇದೆಲ್ಲ ಪುಸ್ತಕದ ಮಾತಾಯ್ತು. ನಮ್ಮ ಕಡೆಯ ಉದಾಹರಣೆ ಇದೆಯಾ?

ಇದೆ. ನನ್ನ ಮನಸ್ಸಿನಿಂದ ಇವತ್ತಿಗೂ ಹೋಗದ ಉದಾಹರಣೆ ಎಂಡೋಸಲ್ಫಾನ್ ಎಂಬ ಕೀಟನಾಶಕ.

ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಜಾಸ್ತಿ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟ ಇದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಶಾಲೆ, ಹಟ್ಟಿ, ಬಾವಿ. ದಕ್ಷಿಣ ಕನ್ನಡದಲ್ಲೂ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಇದೇ ರೀತಿ ಮೇಲಿಂದ ಹೊಡೆದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಹೆಸರು ನೀವು ಕೇಳಿರುತ್ತೀರಿ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ಕನ್ನಡ ಮಾತಾಡುವ ಊರು. ಕರುಗಳು ಕಾಲು ಊನವಾಗಿ ಹುಟ್ಟುವುದನ್ನು 1980ರ ಆಸುಪಾಸಿನಲ್ಲೇ ಗಮನಿಸಿ ಬರೆದವರು ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆ. ಸುಮಾರು ಅದೇ ಹೊತ್ತಿಗೆ ಅಲ್ಲಿ ವೈದ್ಯರಾಗಿ ನೆಲೆಸಿದವರು ಡಾ. ಮೋಹನ್ ಕುಮಾರ್. ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯತೆ, ಅಂಗವೈಕಲ್ಯ, ಅಪಸ್ಮಾರ, ಕ್ಯಾನ್ಸರ್ ಇಷ್ಟೊಂದು ಯಾಕೆ ಅಂತ ಅವರಿಗೆ ಪ್ರಶ್ನೆ ಎದ್ದಿತು. ಮನೆ ಮನೆಯ ಲೆಕ್ಕ ಬರೆದಿಡತೊಡಗಿದರು. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು.

ಈ ಮೂವರಲ್ಲಿ ಯಾರಿಗೂ ಇದನ್ನು ತಿಳಿದುಕೊಳ್ಳುವ ಕೆಲಸ ಯಾರೂ ವಹಿಸಿರಲಿಲ್ಲ. ಯಾರಿಗೆ ವಹಿಸಿತ್ತೋ ಅವರು 20 ವರ್ಷಕ್ಕೂ ಮೇಲ್ಪಟ್ಟು ಹುಡುಕಲೇ ಇಲ್ಲ. ತಿಳಿಯುವ ಹೊಣೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಸಿಂಪಡಿಸುವ ಮುಂಚೆ ಎಚ್ಚರಿಕೆ ಕೊಡುತ್ತಿದ್ದರಂತಲ್ಲ? ಬಾವಿ ಮುಚ್ಚದೆ ಇದ್ದದ್ದು ಜನರ ತಪ್ಪಲ್ವಾ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು.

ಬಾವಿ ಮುಚ್ಚಿಡಿ, ದನಗಳನ್ನು ಮೇಯಲು ಬಿಡಬೇಡಿ ಅನ್ನುವ ಸೂಚನೆ ಕಾಗದದಲ್ಲಿ ಇತ್ತು. ಈಗ ಆ ಕಡೆಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿ ನೀರಿಗೆ ಸುರಂಗ. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಬಿಲ. ಅದರ ಒಳಗಿಂದ ನೂಲಿನ ಹಾಗೆ ನೀರು ಬರುತ್ತದೆ. ಬಾಯಿಗೆ ಅಡಿಕೆ ಮರದ ದಂಬೆ ಇಟ್ಟಿರುತ್ತಾರೆ. ದಂಬೆಯಿಂದ ಹರಿದ ನೀರು ಅಂಗಳದ ಹತ್ತಿರದ ಮಣ್ಣಿನ ಕೆರೆಗೆ ಬೀಳುತ್ತದೆ. ಕುಡಿಯುವುದೂ ಅದೇ, ದನಕ್ಕೂ ಅದೇ, ತೋಟಕ್ಕೂ ಅದೇ. ಇದರಲ್ಲಿ ಯಾವುದನ್ನು ಮುಚ್ಚುವುದು? ಮಣ್ಣಿನ ಕೆರೆಗೆ ಯಾವ ಮುಚ್ಚಳ? ಗುಡ್ಡಕ್ಕೆ ಬಿದ್ದ ಮಳೆ ಇಂಗಿ ಬರುವ ನೀರಿಗೆ ಯಾವ ಮುಚ್ಚಳ?

ಸೂಚನೆ ಬರೆದವರಿಗೆ ಆ ಊರಿನಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತಲೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ದಿನ ಊರು ಸುತ್ತಿದ್ದರೆ ಸಾಕಿತ್ತು. ಪಾಲಿಸಲಾಗದ ಸೂಚನೆ ಕೊಟ್ಟು ಹೊಣೆಯನ್ನು ಜನರ ತಲೆಗೆ ಕಟ್ಟುವುದು ಸರಿಯಲ್ಲ.

ಆದರೆ ವಿಜ್ಞಾನಿಗಳಲ್ಲೇ ಒಮ್ಮತ ಇರಲಿಲ್ಲವಲ್ಲ?

ಇರಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇದೆ ಅಂತ ವರದಿ ಕೊಟ್ಟಿತು. ಪ್ಲಾಂಟೇಶನ್ ಕಾರ್ಪೊರೇಶನ್ ಮಾಡಿಸಿದ ಪರೀಕ್ಷೆ ಅದಕ್ಕೆ ಉಲ್ಟಾ ಹೇಳಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು, ಸಿಂಪಡಣೆ ಇಲ್ಲದ ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದರು. ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಇಲ್ಲಿ ನೂರು ಕೋಟಿಯಲ್ಲಿ 7.47 ಭಾಗ, ಅಲ್ಲಿ 1.37 ಭಾಗ. ಇಲ್ಲಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಅಂತಲೂ ಕಂಡಿತು. 2003ರಲ್ಲಿ ಇದು ಪ್ರಕಟವಾಯಿತು. ಅದನ್ನೂ ಪ್ರಶ್ನಿಸಿದವರು ಇದ್ದಾರೆ. ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣ ಅಂತ ಬೆರಳು ಮಾಡಿ ತೋರಿಸುವುದು ಇವತ್ತಿಗೂ ಕಷ್ಟ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವುದು ಪ್ರಾಮಾಣಿಕತೆ ಆಗುವುದಿಲ್ಲ.

ಆದರೆ ತತ್ವಶಾಸ್ತ್ರ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೊಡುತ್ತದೆ. ರಿಚರ್ಡ್ ರಡ್ನರ್ 1953ರಲ್ಲಿ ಎತ್ತಿದ, ಈಚೆಗೆ ಹೆದರ್ ಡಗ್ಲಸ್ ಇನ್ನೂ ಬೆಳೆಸಿದ ಪ್ರಶ್ನೆ. ‘ಸಾಬೀತಾಯಿತು’ ಅನ್ನಲು ಎಷ್ಟು ಪುರಾವೆ ಬೇಕು? ಇದನ್ನು ಪುರಾವೆಯೇ ಹೇಳುವುದಿಲ್ಲ. ನಾವು ತಪ್ಪಿದರೆ ಏನಾಗುತ್ತದೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ. ನಿರಪಾಯಕಾರಿ ವಸ್ತುವನ್ನು ಅಪಾಯ ಅಂತ ನಿಲ್ಲಿಸಿದರೆ ಗೇರು ಬೆಳೆ ಒಂದಿಷ್ಟು ಕಡಿಮೆ ಆಗಬಹುದು. ಅಪಾಯಕಾರಿ ವಸ್ತುವನ್ನು ನಿರಪಾಯ ಅಂತ ಬಿಟ್ಟರೆ ಹೋಗುವುದು ಒಂದು ತಲೆಮಾರಿನ ಮಕ್ಕಳ ಬದುಕು. ಎರಡೂ ತಪ್ಪೇ, ಆದರೆ ತೂಕ ಒಂದೇ ಅಲ್ಲ. ಈ ತೂಕ ನೋಡುವ ಕೆಲಸ ವಿಜ್ಞಾನದ ಹೊರಗಿನದು ಅಂತ ಅಂದುಕೊಳ್ಳುತ್ತೇವೆ. ಆದರೆ ಎಷ್ಟು ಪುರಾವೆ ಸಾಕು ಅಂತ ನಿರ್ಧರಿಸುವಾಗಲೇ ಅದು ವಿಜ್ಞಾನದ ಒಳಗೂ ಬಂದಿರುತ್ತದೆ.

ಪೂರ್ತಿ ಸಾಬೀತಾಗದೆ ನಿಲ್ಲಿಸಿದರೆ ಯಾವ ಕೆಲಸವೂ ನಡೆಯಲ್ಲ, ಅಲ್ವಾ?

ಎಲ್ಲವನ್ನೂ ನಿಲ್ಲಿಸಿ ಅಂತ ಯಾರೂ ಹೇಳುವುದಿಲ್ಲ. 1992ರ ರಿಯೋ ಘೋಷಣೆಯ 15ನೇ ತತ್ವ ಹೇಳುವುದು ಇಷ್ಟು: ಸರಿಪಡಿಸಲಾಗದ ಅಥವಾ ಗಂಭೀರವಾದ ಹಾನಿಯ ಭಯ ಇದ್ದಾಗ, ವಿಜ್ಞಾನಕ್ಕೆ ಪೂರ್ತಿ ಖಚಿತ ಇಲ್ಲ ಅನ್ನುವ ನೆಪದಲ್ಲಿ ತಡೆಯುವ ಕ್ರಮವನ್ನು ಮುಂದೂಡಬಾರದು. ಇದಕ್ಕೆ ಮುನ್ನೆಚ್ಚರಿಕೆ ತತ್ವ ಅನ್ನುತ್ತಾರೆ. ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಮೇಲಿನ ವೆಲ್ಲೂರು ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಈ ದೇಶದ ಕಾನೂನಿನ ಭಾಗ ಅಂತ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ದೊಡ್ಡ ಮಾತಿದೆ. ಹಾನಿ ಇಲ್ಲ ಅಂತ ತೋರಿಸುವ ಭಾರ ಉದ್ಯಮದ ಮೇಲೆ.

ತಿಳಿಯುವ ಹೊಣೆಯ ದೃಷ್ಟಿಯಿಂದ ಇದು ನನಗೆ ತುಂಬಾ ದೊಡ್ಡದು. ಊನವಾದ ಮಗುವನ್ನು ಎತ್ತಿಕೊಂಡ ತಾಯಿ ರಸಾಯನಶಾಸ್ತ್ರ ಕಲಿತು ಸಾಬೀತು ಮಾಡಬೇಕಾ, ಅಥವಾ ಹೆಲಿಕಾಪ್ಟರ್ ತರಿಸುವ ಶಕ್ತಿ ಇದ್ದವರು ಮಾಡಬೇಕಾ? ಪ್ರಯೋಗಾಲಯ, ಹಣ, ದಾಖಲೆ ಯಾರ ಕೈಯಲ್ಲಿ ಇದೆಯೋ ತಿಳಿಯುವ ಹೊಣೆಯೂ ಅವರ ಮೇಲೆ ಜಾಸ್ತಿ.

ಹಳ್ಳಿಯವರ ಮಾತು ಪುರಾವೆ ಆಗುತ್ತಾ?

ಆರಂಭ ಆಗುತ್ತದೆ. ಬ್ರಿಟನ್ನಿನ ತತ್ವಜ್ಞಾನಿ ಮಿರಾಂಡ ಫ್ರಿಕರ್ 2007ರಲ್ಲಿ ಜ್ಞಾನದ ವಿಷಯದಲ್ಲಿ ನಡೆಯುವ ಅನ್ಯಾಯವನ್ನು ಎರಡು ಬಗೆಯಾಗಿ ವಿವರಿಸಿದರು. ಮೊದಲನೆಯದು, ಹೇಳುವವರು ಯಾರು ಅಂತ ನೋಡಿ ಮಾತಿನ ಬೆಲೆ ಇಳಿಸುವುದು. ಪಡ್ರೆಯ ಕರುಗಳ ಸುದ್ದಿಗೆ ಆದದ್ದು ಇದೇ.

ಎರಡನೆಯದು ಇನ್ನೂ ನೋವಿನದು. ತನಗೆ ಏನಾಗುತ್ತಿದೆ ಅಂತ ಅರ್ಥ ಮಾಡಿಕೊಳ್ಳಲು ಬೇಕಾದ ಪದವೇ ಒಬ್ಬರ ಹತ್ತಿರ ಇಲ್ಲದಿರುವುದು. ಆ ಊರುಗಳಲ್ಲಿ ಇದು ದೈವದ ಮುನಿಸು, ನಾಗದೋಷ ಅಂತ ತಿಳಿದವರು ಇದ್ದರು. ತಾವೇ ಏನೋ ತಪ್ಪು ಮಾಡಿದ್ದೇವೆ ಅಂತ ಒಳಗೊಳಗೇ ಕೊರಗಿದರು. ‘ಎಂಡೋಸಲ್ಫಾನ್’ ಅನ್ನುವ ಪದ ಊರಿಗೆ ಬಂದದ್ದು ತುಂಬಾ ತಡವಾಗಿ. ಹೆಲಿಕಾಪ್ಟರ್ ಬಂದು ಎಷ್ಟೋ ವರ್ಷ ಆದ ಮೇಲೆ.

ಹಾಗಂತ ಅನುಭವದಿಂದ ಬಂದ ಮಾತೆಲ್ಲ ನೂರಕ್ಕೆ ನೂರು ಸರಿ ಅಂತಲ್ಲ. ಡಾ. ಮೋಹನ್ ಕುಮಾರ್ ಅವರಿಗೂ ಮೊದಲು ಅನುಮಾನ ಬಂದದ್ದು ನೀರಿನ ಮೇಲೆ. ಅದರಲ್ಲಿ ಬೇರೇನೋ ಸಹಜವಾಗಿ ಸೇರಿರಬಹುದು ಅಂದುಕೊಂಡಿದ್ದರು. ಕೇಳುತ್ತಾ, ಬರೆದಿಡುತ್ತಾ, ತಿದ್ದಿಕೊಳ್ಳುತ್ತಾ ಹೋದರು. ಹೊಣೆಯಿಂದ ತಿಳಿಯುವುದು ಅಂದರೆ ಅದೇ.

ಬೇಕಂತಲೇ ಗೊಂದಲ ಹುಟ್ಟಿಸುವವರೂ ಇದ್ದಾರಾ?

ಇದ್ದಾರೆ. ಅಮೆರಿಕದ ಸಿಗರೇಟು ಕಂಪನಿಯೊಂದರ 1969ರ ಒಳಗಿನ ಟಿಪ್ಪಣಿಯಲ್ಲಿ ‘ಅನುಮಾನವೇ ನಮ್ಮ ಸರಕು’ ಅಂತ ನೇರವಾಗಿ ಬರೆದಿದೆ. ಅಲ್ಲಿ ಗೊತ್ತಿರಲಿಲ್ಲ ಅನ್ನುವ ಮಾತೇ ಬರುವುದಿಲ್ಲ. ತಮಗೆ ಗೊತ್ತಿದ್ದದ್ದು ಬೇರೆಯವರಿಗೆ ಗೊತ್ತಾಗದ ಹಾಗೆ ಮಾಡಿದರು.

ಹಾಗಾದರೆ ಮದ್ದು ಹೊಡೆಯುವ ರೈತನೂ ಹೊಣೆಗಾರನಾ?

ನಮ್ಮ ಮನೆಯಲ್ಲೂ ಮದ್ದು ಬಿಡುತ್ತೇವೆ, ಹಾಗಾಗಿ ಈ ಪ್ರಶ್ನೆ ನನಗೂ ತಾಗುತ್ತದೆ. ಮೊದಲು ಆ ಪದವನ್ನೇ ನೋಡಿ. ‘ಮದ್ದು’, ‘ಔಷಧಿ’. ಜ್ವರಕ್ಕೆ ಕುಡಿಯುವುದಕ್ಕೂ ಅದೇ ಪದ, ಹುಳಕ್ಕೆ ಹೊಡೆಯುವ ವಿಷಕ್ಕೂ ಅದೇ ಪದ. ಅಂಗಡಿಯಲ್ಲಿ ‘ಬದನೆಗೆ ಒಂದು ಔಷಧಿ ಕೊಡಿ’ ಅನ್ನುತ್ತೇವೆ. ಔಷಧಿ ಅಂದ ಕೂಡಲೇ ಮನಸ್ಸು ಅರ್ಧ ನಿಶ್ಚಿಂತೆ ಆಗಿಬಿಡುತ್ತದೆ.

ಒಮ್ಮೆ ಅಪ್ಪ ತಂದ ಬಾಟಲಿಯ ಜೊತೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಮಡಚಿದ ಕಾಗದ ಬಂತು. ಬಿಡಿಸಿದರೆ ಹಾಸಿಗೆ ದಿಂಬಿನಷ್ಟು ಅಗಲ, ತುಂಬಾ ಭಾಷೆಗಳು. ಕನ್ನಡದ ಭಾಗ ಒಂದು ಮೂಲೆಯಲ್ಲಿ. ಅಪ್ಪ ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿ ‘ನೀನೇ ಓದು ಮಾರಾಯ’ ಅಂತ ನನ್ನ ಕೈಗೆ ಕೊಟ್ಟರು. ನಾನೂ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಕೈಗವಸು ಹಾಕಿ, ಗಾಳಿಗೆ ಎದುರು ನಿಂತು ಹೊಡೆಯಬೇಡಿ ಅಂತೆಲ್ಲ ಇತ್ತು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಕೈಗವಸೇ ಇರಲಿಲ್ಲ. ಮಾರನೆಯ ದಿನ ತಂದೆವು.

ರೈತನಿಗೆ ಹೊಣೆ ಇದೆ. ಆದರೆ ಕಾಗದ ಅಚ್ಚು ಹಾಕುವವನು, ಮಾರುವವನು, ಪರವಾನಗಿ ಕೊಡುವವನು, ಇವರೆಲ್ಲರ ಹೊಣೆ ಅದಕ್ಕಿಂತ ಮುಂಚೆ ಬರುತ್ತದೆ. ಒಂದು ಉಪಯೋಗದ ಮಾತು: ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ವಿಷ ಕಡಿಮೆ ಅಂತ ಅರ್ಥ, ವಿಷ ಇಲ್ಲ ಅಂತಲ್ಲ.

ಗೊತ್ತಿದ್ದವರು ಹೇಳದೆ ಇಟ್ಟುಕೊಂಡರೆ?

ಅದೂ ಹೊಣೆ ತಪ್ಪಿದ ಹಾಗೆಯೇ. ಪಶ್ಚಿಮ ಘಟ್ಟದ ಬಗ್ಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದು ಜನರ ಕೈಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅದೂ ಮಾಹಿತಿ ಹಕ್ಕಿನಲ್ಲಿ ಕೇಳಿ, ಮಾಹಿತಿ ಆಯೋಗದ ಆದೇಶ ಆಗಿ, ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ. ಗ್ರಾಮಸಭೆಗಳಲ್ಲಿ ಚರ್ಚೆ ಆಗಲಿ ಅನ್ನುವುದು ಗಾಡ್ಗೀಳರ ಆಸೆಯಾಗಿತ್ತು. ಘಟ್ಟದ ಮನೆಗಳಿಗೆ ವರದಿಗಿಂತ ಮೊದಲು ತಲುಪಿದ್ದು ವದಂತಿ. ‘ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಅಂತ ಹೇಳಿದವರನ್ನು ಜನ ನಂಬಿದರು. ಓದಲು ಬೇರೇನೂ ಅವರ ಕೈಯಲ್ಲಿ ಇರಲಿಲ್ಲ, ಇದ್ದದ್ದು ಇಂಗ್ಲಿಷಿನಲ್ಲಿ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಆಮೇಲೆ ಬೈಯುವುದನ್ನು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ನನ್ನಂಥವರು ಎಷ್ಟು ತಿಳ್ಕೊಬೇಕು? ದಿನವಿಡೀ ಓದ್ತಾ ಕೂರೋಕಾಗುತ್ತಾ?

ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ನಿಮ್ಮ ಕೈಯಿಂದ ಏನು ಹೊರಗೆ ಹೋಗುತ್ತದೋ ಅಲ್ಲಿಂದ ಶುರು ಮಾಡಿ. ನಿಮ್ಮ ಮನೆಯ ಕೊಳಕು ನೀರು ಎಲ್ಲಿ ಸೇರುತ್ತದೆ? ನಿಮ್ಮ ತೋಟದ ಕೆಳಗೆ ಯಾರ ಬಾವಿ ಇದೆ? ಇಷ್ಟಕ್ಕೆ ಪದವಿ ಬೇಡ. ನಿಮ್ಮ ಊರಲ್ಲಿ ಕಾರ್ಖಾನೆಯೋ ಗಣಿಯೋ ಬರುವುದಿದ್ದರೆ ಸಾರ್ವಜನಿಕ ವಿಚಾರಣೆಗೆ ಹೋಗಿ, ಪರಿಸರ ಪರಿಣಾಮ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಕೇಳಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲೇ ಸ್ಥಳೀಯ ಭಾಷೆಯ ಸಾರಾಂಶಕ್ಕೆ ಜಾಗ ಇದೆ. ಇನ್ನೊಂದು, ಬೇರೆಯವರು ‘ಇಲ್ಲೇನೋ ಸರಿಯಿಲ್ಲ’ ಅಂದಾಗ ನಗಬೇಡಿ. ಏನು ನೋಡಿದಿರಿ, ಯಾವಾಗ ನೋಡಿದಿರಿ ಅಂತ ಕೇಳಿ ಬರೆದಿಡಿ.

ಎಂಡೋಸಲ್ಫಾನ್ ಕಥೆ ಈಗ ಮುಗಿದಿದೆಯಾ?

ಸಿಂಪಡಣೆ ಮುಗಿದಿದೆ. 2011ರ ಫೆಬ್ರುವರಿಯಲ್ಲಿ ಕರ್ನಾಟಕ ನಿಷೇಧಿಸಿತು. ಏಪ್ರಿಲಿನಲ್ಲಿ, ಬೇಗ ಕರಗಿ ಹೋಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶವಿಡೀ ತಡೆ ಹಾಕಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಅದೇ ಕೋರ್ಟ್ ಹೇಳಿತು. ಐದು ವರ್ಷ ಆದ ಮೇಲೂ ಹಣ ಸಿಗದವರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಕೊಕ್ಕಡದಲ್ಲಿ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ ಬಂತು. ಆ ‘ಮಕ್ಕಳು’ ಈಗ ದೊಡ್ಡವರು. ಎತ್ತಿ ಮಲಗಿಸುವ, ಉಣ್ಣಿಸುವ ಅಮ್ಮಂದಿರಿಗೆ ವಯಸ್ಸಾಗಿದೆ. ತಮ್ಮ ನಂತರ ಇವರನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಅವರ ಪ್ರಶ್ನೆ.

ಕರ್ನಾಟಕದ ಗಡಿಯ ಹತ್ತಿರ ಮಿಂಚಿನಪದವು ಅಂತ ಒಂದು ಜಾಗ ಇದೆ. ಸಿಂಪಡಣೆ ನಿಂತ ಮೇಲೆ ಉಳಿದ ಎಂಡೋಸಲ್ಫಾನನ್ನು ಅಲ್ಲಿಯ ಗೇರು ತೋಟದ ಪಾಳು ಬಾವಿಗೆ ಹಾಕಿ ಮುಚ್ಚಿದ್ದಾರೆ ಅನ್ನುವುದು ದೂರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸಿಂಪಡಣೆ ನಿಂತು 20 ವರ್ಷ ಆದ ಮೇಲೆ, ಆ ಮಣ್ಣಿನ ಅಡಿಯಲ್ಲಿ ಏನಿದೆ ಅಂತ ಅಧಿಕಾರಿಗಳು ನೋಡಲು ಬಂದದ್ದು ಊರಿನವರು ಮತ್ತು ಹೋರಾಟಗಾರರು ಪಟ್ಟು ಹಿಡಿದು ಕೇಳಿದ್ದಕ್ಕೆ.